ಒಂದು ಫೈಲ್ ಇಲ್ಲಂದ್ರ ಫಾರ್ಮ್ಯಾಟ್ ಯಾಕ್ರಿ?

ಕಂಪ್ಯೂಟರ್ ಕೆಟ್ಟದ ಅಂದ್ರ ಮಂದಿಗೆ ಗೊತ್ತಿರೋ ಔಷಧ ಒಂದ, ಫಾರ್ಮ್ಯಾಟ್. ಈ ಮಾತು ಕೇಳಿದ್ರ ನಂಗ ಸಿಟ್ಟು ಬರ್ತದ.

ಹೋದ ತಿಂಗಳ ನಮ್ಮ ಮನ್ಯಾಗ ಹಿಂಗಾತು. ಅತ್ತಿಯವರ ವರ್ಷಾಂತಿಕ ಬಂದಿತ್ತು, ಅವರ ಫೋಟೋ ಜೋಡಿಸಿ ಆಲ್ಬಮ್ ಮಾಡೋಣಂತ ಕೂತೆ. ಪ್ರೋಗ್ರಾಮ್ ತಗದ್ರ ಪರದೆ ಮ್ಯಾಲ ಒಂದು ಡಬ್ಬಿ ಬಂತು: ‘ವಿಸಿರನ್‌ಟೈಮ್140 ಡಾಟ್ ಡಿಎಲ್ಎಲ್’ ಸಿಗವಲ್ದು, ಮುಂದ ಹೋಗ್ಲಿಕ್ಕೆ ಆಗೂದಿಲ್ಲಂತ. ಓಕೆ ಒತ್ತಿ ಮತ್ತ ತಗದೆ. ಮತ್ತ ಅದ. ನಾಕು ಸರ್ತೆ ಹಂಗ ಮಾಡೀನಿ, ಸುಳ್ಳ್ಯಾಕ ಹೇಳ್ಲಿ.

ನಮ್ಮನಿಯವ್ರು ಅಂಗಡಿಗೆ ಒಯ್ದ್ರು. ಹುಡುಗ ನೆಟ್ಟಗ ನೋಡ್ಲೂ ಇಲ್ಲ, "ಫಾರ್ಮ್ಯಾಟ್ ಮಾಡ್ಬೇಕ್ರಿ ಕಾಕಾ, 800 ರೂಪಾಯಿ. ಬ್ಯಾಕಪ್ ಅದಲ್ರಿ?" ಅಂದ. ಎಲ್ಲೀ ಬ್ಯಾಕಪ್ಪು! ಅತ್ತಿಯವರ ಕಡೀ ದೀಪಾವಳಿ ಫೋಟೋ ಎಲ್ಲಾ ಅದರಾಗನ ಇದ್ವು. "ಮದ್ಲ ಹೊಳ್ಳಿ ತೊಗೊಂಡು ಬರ್ರಿ" ಅಂತ ಫೋನಿನ್ಯಾಗ ಒದರಿದೆ.

ರಾತ್ರಿ ಪುಣೆದಾಗಿನ ಮಗ ಕೇಳಿದ, "ಅಮ್ಮಾ, ಆ ಡಬ್ಬಿಯೊಳಗ ಬರದದ್ದು ಪೂರ್ತಿ ಓದಿಯೇನು?" ಓದಿದ್ರ, ಪ್ರೋಗ್ರಾಮ್ ಮತ್ತ ಇನ್‌ಸ್ಟಾಲ್ ಮಾಡಿದ್ರ ಸರಿಹೋಗಬಹುದು ಅಂತ ಅದರಾಗನ ಬರದಿತ್ತು!

ಮದ್ಲ ಚಾಳಿನ್ಯಾಗ ನಾಕು ಮನಿಗೆ ಕೂಡಿ ಒಂದ ಒಳ್ಳು ಇರ್ತಿತ್ತಲ್ಲ, ಡಿಎಲ್ಎಲ್ ಅಂದ್ರ ಹಂಗ. ಭಾಳ ಪ್ರೋಗ್ರಾಮ್ ಕೂಡಿ ಬಳಸೋ ಫೈಲು. ಒಬ್ಬರು ಬಿಡಾರ ಕಿತ್ತಾಗ ಒಳ್ಳೂ ಹೊತಗೊಂಡು ಹೋದ್ರ ಉಳದವರ ಚಟ್ನಿ ನಿಂತಂಗ. ನಮ್ಮಲ್ಲೆ ಹೊತಗೊಂಡು ಹೋದಾಕಿ ನಾನ. ಜಾಗಾ ಆಗ್ಲೆಂತ ಪ್ರೋಗ್ರಾಮಿನ ಪಟ್ಟಿ ನೋಡ್ಲಿಕ್ಕತ್ತಿದ್ದೆ, ‘ವಿಷುವಲ್ ಸಿ ಪ್ಲಸ್ ಪ್ಲಸ್’ ಅಂತ ಒಂದ ಹೆಸರಿನ್ವು ನಾಕೈದು ಕಂಡ್ವು, ಇಷ್ಟ್ಯಾಕ ಬೇಕಂತ ತಗದು ಒಗದಿದ್ದೆ.

ಮೈಕ್ರೋಸಾಫ್ಟಿನವರ ಸ್ವಂತ ಸೈಟಿನ್ಯಾಗ ‘ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟೆಬಲ್’ ಅಂತ ಪುಕ್ಕಟ ಸಿಗ್ತದ. ಎಕ್ಸ್64, ಎಕ್ಸ್86 ಎರಡೂ ಹಾಕ್ಕೋಬೇಕು. ಕಂಪ್ಯೂಟರ್ 64 ಬಿಟ್ ಇದ್ರೂ 32 ಬಿಟ್ಟಿನ ಹಳೇ ಪ್ರೋಗ್ರಾಮಿಗೆ ಎಕ್ಸ್86 ಬೇಕು. ಹಾಕಿ, ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದೆ. ತಗೀತು!

ಅದಕ್ಕೂ ಮದ್ಲ ಒಂದು ಹುಚ್ಚತನ ಮಾಡೋಳಿದ್ದೆ. ಆ ಫೈಲಿನ ಹೆಸರು ಹುಡುಕಿದ್ರ ಅದೊಂದನ ಕೊಡೋ ಸೈಟು ಸಾಲಾಗಿ ಬರ್ತಾವ. ಮಗ ಬೈದ. ಯಾರೋ ಇಟ್ಟ ಫೈಲು, ಯಾವ ಕಾಲದ್ದೋ, ಒಳಗ ವೈರಸ್ ಅದನೋ ಏನೋ. ಗುರ್ತಿಲ್ಲದವರ ಮನಿ ಹೆಪ್ಪು ನಾವು ತರತೇವೇನು?

ವಿಂಡೋಸಿನ ಸ್ವಂತ ಫೈಲ್ ಹೋಗಿದ್ರ ಕಮಾಂಡ್ ಪ್ರಾಂಪ್ಟನ್ನ ಅಡ್ಮಿನಿಸ್ಟ್ರೇಟರ್ ಆಗಿ ತಗದು ‘ಎಸ್ಎಫ್‌ಸಿ’, ಒಂದು ಜಾಗಾ ಬಿಟ್ಟು ಓರೆಗೆರೆ (/), ‘ಸ್ಕ್ಯಾನ್‌ನೌ’ ಅಂತ ಇಂಗ್ಲಿಷಿನ್ಯಾಗ ಹೊಡೀಬೇಕಂತ. ರೀಸೈಕಲ್ ಬಿನ್, ಆಂಟಿವೈರಸ್ ಎತ್ತಿಟ್ಟದ್ದು, ಇವನ್ನೂ ನೋಡ್ಬೇಕು. ಯಾವುದಕ್ಕೂ ಬಗ್ಗಲಿಲ್ಲಂದ್ರ ಫಾರ್ಮ್ಯಾಟ್ ಮಾಡ್ರಿ, ಯಾರು ಬ್ಯಾಡಂದ್ರು? ಆದ್ರ ಡಬ್ಬಿಯೊಳಗಿನ ಎರಡು ಸಾಲು ಓದದವರ ಕೈಯಾಗ ನಿಮ್ಮ ಫೋಟೋ ಕೊಡಬ್ಯಾಡ್ರಿ.

ಆಲ್ಬಮ್ ಆಗೇದ. ಅದಕ್ಕೂ ಮದ್ಲ ಎಲ್ಲಾ ಫೋಟೋ ಎರಡು ಪೆನ್‌ಡ್ರೈವಿಗೆ ಹಾಕೀನಿ. ಒಂದು ಪುಣೆಕ್ಕ ಹೋಗೇದ, ಇನ್ನೊಂದು ನನ್ನ ಬಳಿ ಡಬ್ಬ್ಯಾಗ ಅದ.