ಖಾನೆಯ ಕೆಳಗಿನ ಒಂದು ಸಾಲು

ಮಾಗಡಿಯ ಕಡೆಯ ರೈತರನ್ನು ಹಿಪ್ಪುನೇರಳೆ ತೋಟ ಎಷ್ಟಿದೆಯೆಂದು ಕೇಳಿದರೆ ‘ಒಂದು ಎಕರೆ ಇಪ್ಪತ್ತು ಗುಂಟೆ’ ಎಂದಾರು. ಪಹಣಿಯಲ್ಲಿ ಅದು 1-20. ಗಣಕಯಂತ್ರದ ಮುಂದೆ ಕುಳಿತವರು ‘ವಿಸ್ತೀರ್ಣ’ ಎಂಬ ಖಾನೆಯಲ್ಲಿ ಅದನ್ನೇ 1.20 ಎಂದು ಒತ್ತಿದರೆನ್ನೋಣ. ಎಕರೆಗೆ 40 ಗುಂಟೆ. ಆದುದರಿಂದ ತೋಟ 60 ಗುಂಟೆಯದು. ಯಂತ್ರವಾದರೋ ದಶಾಂಶವನ್ನಷ್ಟೆ ಬಲ್ಲುದು; ಅದರ ಲೆಕ್ಕದಲ್ಲಿ 1.20 ಎಕರೆ ಎಂದರೆ 48 ಗುಂಟೆ. ಯಾರೂ ಒತ್ತುವರಿ ಮಾಡದೆಯೇ 12 ಗುಂಟೆ ನೆಲ ಮಾಯವಾಯಿತು! ಅಂಥ ಎರಡು ತೋಟಗಳನ್ನು ಕೂಡಿಸಿದರೆ ಯಂತ್ರ 2.40 ಎನ್ನುತ್ತದೆ, ನಿಜವಾಗಿ ಇರುವುದು 3 ಎಕರೆ. ಇದು ತಪ್ಪೆಂದು ಯಂತ್ರ ಎಚ್ಚರಿಸುವುದೂ ಇಲ್ಲ; ಸಂಖ್ಯೆಯಾಗಿ 1.20ರಲ್ಲಿ ಯಾವ ದೋಷವೂ ಇಲ್ಲವಷ್ಟೆ.

ಇದನ್ನು ತಡೆಯಲು ಚಿಕ್ಕದೊಂದು ಉಪಾಯವುಂಟು: ಖಾನೆಯ ಕೆಳಗೆ ಒಂದು ಸಾಲಿನ ಸೂಚನೆ. ಜಾಲತಾಣಗಳನ್ನು ಕಟ್ಟಲು ಬಳಸುವ ಜಾಂಗೋ ಎಂಬ ತಂತ್ರಾಂಶ ಚೌಕಟ್ಟನ್ನು ನಮ್ಮ ಓದುಗರಲ್ಲಿ ಕೆಲವರು ಬಲ್ಲರು. ಅಮೆರಿಕದ ಕ್ಯಾನ್ಸಸ್ ಸಂಸ್ಥಾನದ ಲಾರೆನ್ಸ್ ಎಂಬ ಊರಿನ ವೃತ್ತಪತ್ರಿಕೆಯೊಂದರ ಕಚೇರಿಯಲ್ಲಿ 2003ರಲ್ಲಿ ಹುಟ್ಟಿದ ಈ ಚೌಕಟ್ಟು 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಯಾವ ಯಾವ ವಿವರಗಳನ್ನು ಕೂಡಿಡಬೇಕೆಂಬುದನ್ನು ಬರೆದುಕೊಟ್ಟರೆ, ಅವನ್ನು ತುಂಬುವ ಆಡಳಿತ ಪುಟದ ನಮೂನೆಯನ್ನು ಅದು ತಾನೇ ಸಿದ್ಧಪಡಿಸುತ್ತದೆ. ಆದರೆ ಖಾನೆಯ ಅರ್ಥವನ್ನು ಊಹಿಸಲಾರದು. ‘ಹೆಲ್ಪ್ ಟೆಕ್ಸ್ಟ್’ ಎಂಬ ಸೂಚನೆಯನ್ನು ನಾವೇ ಬರೆಯಬೇಕು. ಬರೆಯದಿದ್ದರೆ ಆ ಜಾಗ ಖಾಲಿ. ಹಾಗೆ ಖಾಲಿ ಬಿಟ್ಟು ಕೆಲಸ ಮುಗಿಯಿತೆನ್ನುವುದಕ್ಕೇ ನಮ್ಮ ಆಕ್ಷೇಪ.

ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತರುವವರ ವಿವರಗಳಿಗಾಗಿ ವಿದ್ಯಾರ್ಥಿಯೊಬ್ಬನು ಇಂಥ ಪುಟವನ್ನು ರಚಿಸಿದನೆಂದು ಭಾವಿಸೋಣ. ‘ಮೊಟ್ಟೆ’ ಎಂಬ ಖಾನೆಗೆ ಕನಕಪುರದ ಬೆಳೆಗಾರರು ನೂರು ಎನ್ನುತ್ತಾರೆ. ಅದು ಬಿಡಿಮೊಟ್ಟೆಗಳ ಎಣಿಕೆಯಲ್ಲ. ನೂರು ಪತಂಗಗಳು ಇಟ್ಟ ನೂರು ಗುಂಪುಗಳು. ಒಂದೊಂದು ಗುಂಪಿನಲ್ಲಿ ಸುಮಾರು 400ರಿಂದ 500 ಮೊಟ್ಟೆಗಳಿರುತ್ತವೆ. ಇದನ್ನರಿಯದ ಪೇಟೆಯ ಹುಡುಗನು, ನೂರು ಮೊಟ್ಟೆಗೆ 70 ಕಿಲೋಗ್ರಾಂ ಗೂಡು ಹೇಗೆ ಬಂತೆಂದು ಬೆರಗಾಗಿ ಅಂಕಿಯನ್ನೇ ತಿದ್ದಿಬಿಟ್ಟಾನು. ‘ದ್ವಿತಳಿ’ಯೂ ಹಾಗೆಯೇ. ಶಬ್ದವನ್ನು ನೋಡಿದರೆ ಎರಡು ತಳಿಗಳ ಬೆರಕೆಯೆಂದು ತೋರುತ್ತದೆ. ಆದರೆ ವರ್ಷಕ್ಕೆ ಎರಡು ಪೀಳಿಗೆ ಕಾಣುವ ಹುಳುಗಳಿಗೆ ಆ ಹೆಸರು. ಅವುಗಳ ಗೂಡು ಬಿಳಿ. ಮೈಸೂರು ತಳಿಯೊಡನೆ ಬೆರಸಿ ಪಡೆದ ಹಳದಿ ಗೂಡು ‘ಮಿಶ್ರತಳಿ’. ಎರಡಕ್ಕೂ ಬೆಲೆ ಬೇರೆ ಬೇರೆ. ಇನ್ನು ಚನ್ನಪಟ್ಟಣದ ಗೊಂಬೆಗಳ ಆಲೆಮರವನ್ನು ಅಕ್ಷರದೋಷವೆಂದು ಬಗೆದು ಆಲದಮರವನ್ನಾಗಿ ಮಾಡುವ ಜಾಣರೂ ಹುಟ್ಟಿಯಾರು!

ಸೂಚನೆಯನ್ನು ಖಾನೆಯ ಒಳಗೇ ಮಸುಕಾದ ಅಕ್ಷರಗಳಲ್ಲಿ ತೋರಿಸುವ ಪದ್ಧತಿಯೊಂದುಂಟು. ನೋಡಲು ಅಂದವೇ, ಆದರೂ ನಾವು ಅದನ್ನು ಒಪ್ಪೆವು. ಮೊದಲ ಅಕ್ಷರವನ್ನು ಒತ್ತಿದೊಡನೆ ಅದು ಮರೆಯಾಗುತ್ತದೆ. ಬರೆದುದನ್ನು ಮತ್ತೆ ಪರಿಶೀಲಿಸುವ ಹೊತ್ತಿಗೆ ಸೂಚನೆಯೇ ಇರದು. ಕೆಳಗಿನ ಸಾಲಾದರೆ ನಿಂತಿರುತ್ತದೆ. 2023ರ ಡಿಸೆಂಬರಿನಲ್ಲಿ ಹೊರಬಂದ ಜಾಂಗೋ 5.0ರಿಂದೀಚೆಗೆ ಆ ಸಾಲನ್ನು ಖಾನೆಗೆ ಜೋಡಿಸಿರುವುದರಿಂದ, ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶವೂ ಅದನ್ನು ಓದಬಲ್ಲುದು.

ಸೂಚನೆಯನ್ನು ದತ್ತಾಂಶದ ಮಾದರಿಯಲ್ಲಿಯೇ ಬರೆದರೆ ಅದರಿಂದ ಹುಟ್ಟುವ ನಮೂನೆಗಳಲ್ಲೆಲ್ಲ ಕಾಣುತ್ತದೆ. ಆದರೆ ಅಲ್ಲಿ ಒಂದಕ್ಷರ ಬದಲಾದರೂ, ದತ್ತಸಂಚಯದಲ್ಲಿ ಏನೂ ಬದಲಾಗದಿದ್ದರೂ, ಚೌಕಟ್ಟು ಹೊಸ ‘ಮೈಗ್ರೇಷನ್’ ಕಡತವನ್ನು ಬೇಡುತ್ತದೆ. ಆಡಳಿತ ಪುಟದ ನಮೂನೆಯಲ್ಲಿ ಬರೆದರೆ ಈ ತೊಡಕಿಲ್ಲ. ಮಾತು ಜನಕ್ಕೆ ತಿಳಿಯುವವರೆಗೆ ತಿದ್ದುತ್ತಲೇ ಇರಬೇಕಾದ್ದರಿಂದ ಈ ಎರಡನೆಯ ದಾರಿಯೇ ಮೇಲೆಂದು ನಮ್ಮ ಮತ.

ಗುಂಟೆಗೆ ಬೇರೆ ಖಾನೆಯಿಟ್ಟು 39ಕ್ಕೆ ಮೀರದಂತೆ ತಡೆದರೆ ಸಾಲದೆ, ಸೂಚನೆಯೇಕೆ ಎಂದು ಕೇಳುವವರುಂಟು. ನ್ಯಾಯವಾದ ಮಾತು, ಹಾಗೆಯೇ ಮಾಡಲಿ. ಆದರೆ ‘ಮೊಟ್ಟೆ’ಯ ಖಾನೆಯನ್ನು ಯಾವ ತಡೆ ಕಾದೀತು? 100 ಎಂಬುದೂ ಸಂಖ್ಯೆಯೇ, 45,000 ಎಂಬುದೂ ಸಂಖ್ಯೆಯೇ. ಅಲ್ಲಿ ಬೇಕಾದುದು ‘ಒಂದು ಪತಂಗ ಇಟ್ಟ ಗುಂಪನ್ನು 1 ಎಂದು ಎಣಿಸಿ’ ಎಂಬ ಸಾಲು. ಅದನ್ನು ಬರೆಯುವ ಮುನ್ನ ನಮ್ಮ ವಿದ್ಯಾರ್ಥಿಯು ಗೂಡಿನ ಮಾರುಕಟ್ಟೆಯಲ್ಲಿ ಒಂದು ಬೆಳಗ್ಗೆ ನಿಂತು, ಬೆಳೆಗಾರರ ಬಾಯಲ್ಲಿ ಆ ಮಾತು ಹೇಗಿದೆಯೆಂದು ಕೇಳಿಕೊಂಡು ಬರಲಿ.