ಬೀಗರಿಗೆ ಊರು ತೋರಿಸುವುದು

ಕಳೆದ ವೈಶಾಖದಲ್ಲಿ ಹುಮನಾಬಾದಿನ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಮದುವೆ ನಡೆಯಿತು. ವರನ ಕಡೆಯವರು ಮೈಸೂರಿನವರು. ಅಷ್ಟು ದೂರದಿಂದ ಬರುವವರು ಅಕ್ಕಿಕಾಳು ಹಾಕಿ, ಉಂಡು, ಎಲೆಯಡಿಕೆ ಮೆಲ್ಲುತ್ತ ಅಂದೇ ಹಿಂದಿರುಗುವಂತಿಲ್ಲ. ಒಂದು ದಿನ ಮೊದಲೇ ಬರಬೇಕು, ಒಂದು ದಿನ ತಡೆದು ಹೋಗಬೇಕು. ನಡುವೆ ಉಳಿಯುವ ಹೊತ್ತನ್ನು ಏನು ಮಾಡುವುದು? ಹೆಣ್ಣಿನ ತಂದೆ ಆ ಹೊಣೆಯನ್ನು ನನ್ನ ಕೊರಳಿಗೆ ಕಟ್ಟಿದರು. “ನೀವು ಮಾಸ್ತರರು. ಬೀಗರು ನೋಡುವಂಥ ಜಾಗ ಏನೇನವ, ಒಂದು ಹಾಳಿ ಮ್ಯಾಲ ಬರದು ಕೊಡ್ರಿ” ಎಂದರು.

ನಮ್ಮ ಕಡೆ ಇದಕ್ಕೆ ಸಿದ್ಧ ಉತ್ತರವೊಂದಿದೆ: ಬೀದರ. ಎರಡು ಗಾಡಿ ಗೊತ್ತುಮಾಡಿ ಎಲ್ಲರನ್ನೂ ತುಂಬಿ ಬೀದರಕ್ಕೆ ಕಳುಹಿಸಿದರೆ ಮನೆಯವರಿಗೂ ಬಿಡುವು, ಬಂದವರಿಗೂ ಬಿಡುವು. ಬೀದರದ ಮೇಲೆ ನನಗೆ ಮುನಿಸೇನೂ ಇಲ್ಲ. ಅಲ್ಲಿನ ಕೋಟೆ, 1472ರಲ್ಲಿ ಮಹಮೂದ್ ಗವಾನ ಕಟ್ಟಿಸಿದ ಮದರಸಾ, ಅಷ್ಟೂರಿನ ಗುಮ್ಮಟಗಳು, ಇವನ್ನು ನೋಡದೆ ಹೋದವನು ನತದೃಷ್ಟ. ಆದರೆ ಮನೆಯ ಅಂಗಳವನ್ನು ದಾಟಿಸಿ ನೆರೆಮನೆಯ ಅಟ್ಟವನ್ನು ತೋರಿಸುವ ಈ ಅವಸರವೇಕೆ? “ನಮ್ಮೂರಾಗ ಏನದ ರೀ ನೋಡಲಿಕ್ಕ!” ಎಂದು ಹುಮನಾಬಾದಿನವರು ನಗುತ್ತ ಹೇಳುವುದನ್ನು ಬಹುಕಾಲ ನಾನು ವಿನಯವೆಂದು ತಿಳಿದಿದ್ದೆ. ಅದು ವಿನಯವಲ್ಲ, ಅಪರಿಚಯ ಎಂಬುದು ಈಗಿನ ನನ್ನ ಅಭಿಪ್ರಾಯ.

ನನ್ನ ಹಾಳೆ ಮಾಣಿಕನಗರದಿಂದ ಮೊದಲಾಯಿತು. ಊರಿಗೆ ಅಂಟಿಕೊಂಡಂತೆಯೇ ಇರುವ ಈ ಕ್ಷೇತ್ರಕ್ಕೆ ಬಿಸಿಲೇರುವ ಮುನ್ನ ಹೋಗಬೇಕು. ಗುರುಗಂಗಾ, ವಿರಜಾ ಎಂಬ ಹಳ್ಳಗಳು ಕೂಡುವ ಎಡೆಯಲ್ಲಿ ಮಾಣಿಕ ಪ್ರಭುಗಳ ಸಮಾಧಿಯಿದೆ. 1817ರಲ್ಲಿ ಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಹುಟ್ಟಿ, 1865ರಲ್ಲಿ ಇಲ್ಲಿ ಸಮಾಧಿಸ್ಥರಾದ ಅವರು ತಮ್ಮ ಪಂಥವನ್ನು ‘ಸಕಲಮತ’ವೆಂದು ಕರೆದರು. ಎಲ್ಲ ಮತಗಳಿಗೂ ಎಡೆಯುಂಟೆಂಬ ಆ ಮಾತು ಕೇವಲ ಹೆಸರಾಗಿ ಉಳಿಯದೆ, ಹಿಂದೂ ಮುಸಲ್ಮಾನರಿಬ್ಬರೂ ಅವರಲ್ಲಿಗೆ ನಡೆದುಕೊಂಡರು. ಬೀದರ ಜಿಲ್ಲೆಯೆಲ್ಲ ಆಗ ನಿಜಾಮರ ರಾಜ್ಯ. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದ ಸೀಮೆ. ಮೈಸೂರಿನವರಿಗೆ ನಮ್ಮ ನುಡಿ ಏಕೆ ಹೀಗಿದೆ ಎಂಬ ಸಂದೇಹವಿದ್ದರೆ ಇಲ್ಲಿ ಒಂದು ಗಳಿಗೆ ಕುಳಿತರೆ ಸಾಕು. ಅಲ್ಲಿಂದ ಬಂದು ಊರೊಳಗಿನ ವೀರಭದ್ರೇಶ್ವರನಿಗೆ ಕೈಮುಗಿದು, ಫಲಾಹಾರ ಮುಗಿಸಿ ಜಲಸಂಗಿಗೆ ಹೊರಡಬೇಕು.

ಜಲಸಂಗಿಯ ಗುಡಿ ಚಾಲುಕ್ಯರ ಕಾಲದ್ದು. ಬೇಲೂರನ್ನು ಕಂಡ ಮೈಸೂರಿನವರಿಗೆ ಮದನಿಕೆಯರು ಹೊಸಬರೇನಲ್ಲ. ಆದರೆ ಇಲ್ಲಿನ ಹೊರಗೋಡೆಯ ಒಬ್ಬಳು ಕನ್ನಡಿ ಹಿಡಿದಿಲ್ಲ, ಗಿಳಿಯೊಡನೆ ಆಡುತ್ತಿಲ್ಲ, ಆಕೆ ಬರೆಯುತ್ತಿದ್ದಾಳೆ. ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಪದ್ಯ. ಒಂಬತ್ತು ಶತಮಾನಗಳ ಹಿಂದೆ ಶಿಲ್ಪಿಯೊಬ್ಬನಿಗೆ ಹೆಣ್ಣಿನ ಕೈಗೆ ಅಕ್ಷರ ಕೊಡಬೇಕೆಂದು ತೋಚಿತಲ್ಲ! ಮದುವೆಗೆ ಬಂದ ಕಾಲೇಜು ಹುಡುಗಿಯರು ಆಕೆಯ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳಲಿ. ಆ ಒಂದು ಚಿತ್ರಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ.

ಆಕೆ ಹೊಗಳುವ ದೊರೆಯ ರಾಜಧಾನಿ ಒಂದು ಗಂಟೆಯೊಳಗಿನ ದಾರಿ. ಹೆದ್ದಾರಿ ಹಿಡಿದು ಹೋಗಿ, ಸಸ್ತಾಪುರ ಬಂಗ್ಲೆಯಲ್ಲಿ ಒಳಕ್ಕೆ ತಿರುಗಿದರೆ ಬಸವಕಲ್ಯಾಣ. 1076ರಿಂದ 1126ರವರೆಗೆ ಇಲ್ಲಿ ಆಳಿದ ವಿಕ್ರಮಾದಿತ್ಯನ ಆಸ್ಥಾನಕ್ಕೆ ಬಿಲ್ಹಣ ಕಾಶ್ಮೀರದಿಂದ ಬಂದನು. ದೂರದ ಅತಿಥಿ ಎಂದರೆ ಅವನು. ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದದ್ದು ಈ ದೊರೆಯ ಕಾಲದಲ್ಲಿ. ಇವನ ಮಗ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅಡುಗೆಯ ವಿಚಾರವೂ ವಿಸ್ತಾರವಾಗಿ ಬರುತ್ತದೆ. ಬೀಗರ ಊಟವನ್ನು ಜರೆಯುವ ಮುನ್ನ ಅವರು ಇದನ್ನು ನೆನೆಯುವುದೊಳ್ಳೆಯದು. ಇಂದು ಅರಮನೆಯಿಲ್ಲ. ಕೋಟೆಯಿದೆ, ತ್ರಿಪುರಾಂತಕ ಕೆರೆಯಿದೆ, 2012ರಲ್ಲಿ ಅನಾವರಣಗೊಂಡ 108 ಅಡಿಯ ಬಸವಣ್ಣನ ಪ್ರತಿಮೆಯಿದೆ. ಇವೆಲ್ಲವನ್ನೂ ಬರೆದು, ಕೊನೆಯ ಸಾಲಿನಲ್ಲಿ ‘ಹರಳಯ್ಯನ ಗವಿ’ ಎಂದು ಸೇರಿಸಿದೆ.

ಹಾಳೆ ಹಿಂದಿರುಗಿ ಬಂದಾಗ ಆ ಸಾಲಿನ ಮೇಲೆ ಗೀಟು ಬಿದ್ದಿತ್ತು.

“ಶುಭಕಾರ್ಯದಾಗ ಆ ಕಥಿ ಬ್ಯಾಡ್ರಿ ಮಾಸ್ತರ್, ಬೀಗರು ಏನು ತಿಳ್ಕೊಂಡಾರು” ಎಂದರು ಯಜಮಾನರು.

ಕಥೆ ಯಾವುದೆಂದು ಓದುಗರು ಬಲ್ಲರು. ಸಮಗಾರ ಹರಳಯ್ಯನ ಮಗ ಶೀಲವಂತನಿಗೆ, ಬ್ರಾಹ್ಮಣ ಕುಲದಲ್ಲಿ ಹುಟ್ಟಿ ಶರಣನಾದ ಮಧುವರಸನ ಮಗಳು ಲಾವಣ್ಯಳನ್ನು ಕೊಟ್ಟು ಮದುವೆಯಾಯಿತು. ಇಬ್ಬರೂ ಲಿಂಗವಂತರಾದ ಮೇಲೆ ಜಾತಿಯ ಮಾತೆಲ್ಲಿ ಎಂಬುದು ಶರಣರ ನಿಲುವು; ವರ್ಣಸಂಕರವಾಯಿತೆಂಬುದು ವಿರೋಧಿಗಳ ಕೂಗು. ಬಿಜ್ಜಳ ತಂದೆಯರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿಸಿ ಎಳೆಹೂಟೆಯ ಶಿಕ್ಷೆ ಕೊಡಿಸಿದನೆಂದು ಪರಂಪರೆ ಹೇಳುತ್ತದೆ. 1167ರ ಸುಮಾರಿಗೆ ಬಿಜ್ಜಳನೂ ಉಳಿಯಲಿಲ್ಲ, ಶರಣರು ಚೆದರಿದರು. ಗಿರೀಶ ಕಾರ್ನಾಡರ ‘ತಲೆದಂಡ’ (1990) ನಾಟಕವನ್ನು ಓದಿದ ವಿದ್ಯಾರ್ಥಿಗಳಿಗೆ ಈ ಮದುವೆಯೇ ಅದರ ತಿರುಳೆಂದು ಗೊತ್ತು.

ಯಜಮಾನರ ಅಂಜಿಕೆಯನ್ನು ನಾನು ಹಗುರಾಗಿ ಕಾಣುವುದಿಲ್ಲ. ಹೆಣ್ಣು ಹೆತ್ತವರು ಮದುವೆಯ ದಿನ ಸಾವಿನ ಮಾತು ಬೇಡವೆನ್ನುವುದು ಸಹಜ. ಆದರೆ ಅವರು ಹಂಚಿದ ಲಗ್ನಪತ್ರಿಕೆಯ ನೆತ್ತಿಯ ಮೇಲೆ ಅಚ್ಚಾಗಿದ್ದುದು ಬಸವಣ್ಣನ ಚಿತ್ರವೇ! ಚಿತ್ರದ ಕೆಳಗೆ ಕೂಡಿದ ಎರಡು ಮನೆತನಗಳ ಒಳಪಂಗಡವನ್ನು ಎಷ್ಟು ಜತನದಿಂದ ವಿಚಾರಿಸಿದ್ದರೆಂಬುದನ್ನು ಬಲ್ಲವನು ನಾನು. ಆ ವಿಚಾರಣೆಯ ಎರಡು ಕಾಗದಗಳನ್ನು ಬರೆದುಕೊಟ್ಟವನೂ ನಾನೇ. ಭಾನುವಾರದ ಪತ್ರಿಕೆಯ ವಧೂವರರ ಅಂಕಣವನ್ನು ನೋಡಿದರೆ ಈ ಮಾತು ಒಂದು ಮನೆಗೆ ಮಾತ್ರ ಸಲ್ಲುವುದಲ್ಲವೆಂದು ತಿಳಿದೀತು. ಕೋಟೆಯನ್ನು ತೋರಿಸಿ ಗವಿಯನ್ನು ಮುಚ್ಚಿಟ್ಟರೆ ಬೀಗರು ಕಂಡದ್ದು ಕಲ್ಯಾಣವೇ? ರಾಜರ ಊರು ನಾಡಿನಲ್ಲಿ ಬೇಕಾದಷ್ಟಿವೆ. ಒಂದು ಮದುವೆಗಾಗಿ ಬುಡಮೇಲಾದ ರಾಜಧಾನಿ ಇದೊಂದೇ. ಅದನ್ನು ಮದುವೆಗೆ ಬಂದವರಿಗೆ ತೋರಿಸದೆ ಮತ್ತಾರಿಗೆ ತೋರಿಸೋಣ?

ಇಷ್ಟೆಲ್ಲ ವಾದವನ್ನು ಅಂದು ನಾನು ಮಾಡಲಿಲ್ಲ. ಮದುವೆಯ ಮನೆಯಲ್ಲಿ ವಾದ ಹೂಡುವ ಧೈರ್ಯ ನನಗಿಲ್ಲ. ಗೀಟು ಹೊಡೆದ ಹಾಳೆಯನ್ನೇ ವರನ ಸೋದರಮಾವನ ಕೈಗೆ ಕೊಟ್ಟೆ. ಸಂಜೆ ಗಾಡಿಗಳು ಒಂದೂವರೆ ಗಂಟೆ ತಡವಾಗಿ ಬಂದವು. ಕಾರಣ ಕೇಳಿದರೆ, ಆ ಸೋದರಮಾವ ಜೇಬಿನಿಂದ ಹಾಳೆ ತೆಗೆದು, “ಹೊಡೆದುಹಾಕಿದ್ದ ಸಾಲು ಚೆನ್ನಾಗಿ ಕಾಣುತ್ತಿತ್ತು, ಮೇಷ್ಟ್ರೇ. ಅಲ್ಲಿಯೇ ಹೆಚ್ಚು ಹೊತ್ತು ಕುಳಿತೆವು” ಎಂದರು.

ಬರುವ ಮಾಘಮಾಸದಲ್ಲಿ ನಮ್ಮ ಓಣಿಯಲ್ಲಿ ಇನ್ನೊಂದು ಮದುವೆಯಿದೆ; ಬೀಗರು ಧಾರವಾಡದವರು. ಹಾಳೆ ಬರೆದುಕೊಡಲು ಹೇಳಿಕಳುಹಿಸಿದ್ದಾರೆ. ಈ ಸಲ ಗವಿಯನ್ನು ಮೊದಲ ಸಾಲಿನಲ್ಲಿ ಬರೆದಿದ್ದೇನೆ.