ಉಳುವವನಿಗೆ ಹೊಲ ಬಂತು, ಕೋವಿ ಬರಲಿಲ್ಲ

“ಹಂದಿ ಹೊಡೆಯಲು ಕೋವಿ ಯಾತಕ್ಕೆ? ಇನ್ನೂರು ರೂಪಾಯಿ ಇದ್ದರೆ ಸಾಕು” ಎಂಬ ಮಾತು ಈಚೆಗೆ ಸಂತೆಯಲ್ಲಿ, ಚಹದಂಗಡಿಯಲ್ಲಿ, ಗಿರಣಿಯ ಗೇಟಿನೆದುರು ಧಾರಾಳವಾಗಿ ಕೇಳಿಬರುತ್ತಿದೆ. ಬೈಕಿನ ಹಳೆಯ ಕ್ಲಚ್ ತಂತಿಯ ಒಂದು ಉರುಳು. ಅದಾಗದಿದ್ದರೆ ವಿದ್ಯುತ್ ಕಂಬದಿಂದ ಕದ್ದು ಎಳೆದ ಒಂದು ತಂತಿ. ಅದೂ ಆಗದಿದ್ದರೆ ತಿನಿಸಿನಲ್ಲಿ ಅಡಗಿಸಿಟ್ಟ ಸಿಡಿಮದ್ದು. ಬಂಡವಾಳ ಕಡಮೆ, ಫಲ ಕೂಡಲೇ! ಬಡವನಿಗೆ ಇದಕ್ಕಿಂತ ಅಗ್ಗದ ಬೇಟೆ ಇನ್ನೊಂದಿಲ್ಲವೆಂದು ಹೇಳುವವರು ಹೇಳುತ್ತಾರೆ. ಬೇರೆ ದಾರಿ ಕಾಣದವರು ಕೇಳುತ್ತಾರೆ.

ಈ ಅಗ್ಗದ ಬೇಟೆಯಷ್ಟು ದುಬಾರಿಯಾದ ವ್ಯವಹಾರ ಬೇರೊಂದಿಲ್ಲ. ಬಡ ಬೇಸಾಯಗಾರನನ್ನು ಅದರ ಬಾಯಿಗೆ ನೂಕುತ್ತಿರುವವರು ಯಾರು, ಅದರಿಂದ ಪಾರಾಗುವ ಬಗೆ ಯಾವುದು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಇದು ಹಳ್ಳಿಯವರ ಪಾಡು, ಪೇಟೆಯ ನಮಗೆ ಇದರಿಂದೇನು ಎಂದು ಕೇಳಬೇಡಿ. ಗಿರಣಿಯಲ್ಲಿ ದುಡಿಯುವ ಸೋದರರಲ್ಲಿ ಎಷ್ಟು ಮಂದಿಗೆ ಊರಿನಲ್ಲಿ ಒಂದೂವರೆ ಎಕರೆ ಮೆಕ್ಕೆಜೋಳವಿಲ್ಲ, ಅದನ್ನು ರಾತ್ರಿಯೆಲ್ಲ ಕಾಯುವ ಮುದಿ ತಂದೆಯಿಲ್ಲ? ಸಂಬಳದಲ್ಲಿ ಮಿಗಿಸಿ ಕಳಿಸಿದ ಹಣದಿಂದ ಬಿತ್ತಿದ್ದನ್ನು ಒಂದು ಹಿಂಡು ಒಂದೇ ರಾತ್ರಿಯಲ್ಲಿ ಬಗೆದು ಹಾಕಿದರೆ, ಅದು ಗಿರಣಿಯ ಸಂಬಳಕ್ಕೇ ಬಿದ್ದ ಕತ್ತರಿ. ಬೀಜ ಗೊಬ್ಬರ ಉದ್ರಿ ಕೊಟ್ಟ ಸಣ್ಣ ವರ್ತಕನ ಖಾತೆಯಲ್ಲಿಯೂ ಅದೇ ರಾತ್ರಿ ಒಂದು ಬಾಕಿ ಮುಳುಗುತ್ತದೆ. ಹಂದಿ ತಿಂದದ್ದು ಒಬ್ಬನ ಬೆಳೆ; ಪೆಟ್ಟು ಬಿದ್ದದ್ದು ಮೂವರ ಹೊಟ್ಟೆಗೆ.

ನಮ್ಮ ನಾಡಿನಲ್ಲಿ ಹಂದಿಯ ಬೇಟೆಗೆ ಸಾವಿರ ವರ್ಷಕ್ಕೂ ಮಿಕ್ಕಿದ ಚರಿತ್ರೆಯುಂಟು. ಮದ್ದೂರು ತಾಲೂಕಿನ ಆತಕೂರಿನ ಶಾಸನ ಕ್ರಿ.ಶ. 949-50ರದು. ಗಂಗರ ಬೂತುಗನಿಂದ ಮಣಲೇರನೆಂಬ ವೀರನು ಪಡೆದ ಕಾಳಿಯೆಂಬ ಬೇಟೆನಾಯಿ ದೊಡ್ಡ ಹಂದಿಯೊಂದರೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನೆಟ್ಟು, ಆ ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು. ಒಡೆಯನ ನಾಯಿಗೆ ಕಲ್ಲೂ ದೊರೆಯಿತು, ಭೂಮಿಯೂ ದೊರೆಯಿತು. ಹಂದಿಯ ಬಾಯಿಗೆ ಪೈರು ಕಳೆದುಕೊಂಡ ಉಳುವವನ ಹೆಸರು ಆ ಕಲ್ಲಿನಲ್ಲಿಲ್ಲ. ಮುಂದೆ ಬಂಡೀಪುರ, ನಾಗರಹೊಳೆಗಳ ಕಾಡು ಮೈಸೂರಿನ ಅರಸರ ಬೇಟೆಯ ಸೀಮೆಯಾಯಿತು. ದೊರೆಗಳಿಗೂ ಅವರ ಬಿಳಿಯ ಅತಿಥಿಗಳಿಗೂ ಬೇಟೆಯೆಂದರೆ ವಿನೋದ. ಕಾಡಂಚಿನ ಬಡವನಿಗೆ ಅದು ಅನ್ನದ ಕಾವಲು. ಒಂದೇ ಮಾತಿನ ಈ ಎರಡು ಅರ್ಥಗಳನ್ನು ಬೇರೆ ಮಾಡಿ ನೋಡದವನಿಗೆ ಈ ಪ್ರಶ್ನೆ ತಿಳಿಯುವುದಿಲ್ಲ.

1951ರಲ್ಲಿ ಸಾಗರ ತಾಲೂಕಿನ ಕಾಗೋಡಿನ ಗೇಣಿದಾರರು ಕೊಳಗದ ಅಳತೆಯ ಅನ್ಯಾಯವನ್ನು ಪ್ರಶ್ನಿಸಿ ಎದ್ದುನಿಂತರು. ಸಮಾಜವಾದಿಗಳು ಅವರೊಡನೆ ಜೈಲಿಗೆ ನಡೆದರು; ಡಾ. ಲೋಹಿಯಾರವರೂ ಅಲ್ಲಿ ಬಂಧಿತರಾದರು. 1974ರ ಮಾರ್ಚ್ 1ರಿಂದ ಗೇಣಿಯ ಪದ್ಧತಿಯೇ ರದ್ದಾಗಿ ಉಳುವವನು ಹೊಲದೊಡೆಯನಾದನು. ಆದರೆ ಪಹಣಿಯಲ್ಲಿ ಹೆಸರು ಬದಲಾದಂತೆ ಕೋವಿಯ ಲೈಸೆನ್ಸಿನಲ್ಲಿ ಬದಲಾಯಿತೆ? ಎಷ್ಟೋ ಊರುಗಳಲ್ಲಿ ಜೋಡುನಳಿಗೆಯ ಕೋವಿ ದೊಡ್ಡ ಮನೆಯ ಗೋಡೆಯ ಮೇಲೆಯೇ ಉಳಿಯಿತು. ಬೆಳೆ ಕಾಯುವ ಹೊಣೆ ಮಾತ್ರ ಸಣ್ಣವನ ಹೆಗಲೇರಿತು. ತಮಟೆ, ಪಂಜು, ಕವಣೆಕಲ್ಲು ಇವೇ ಅವನ ಆಯುಧಗಳು.

ಕಾನೂನೇ ಬಡವನಿಗೆ ಅಡ್ಡ ನಿಂತಿದೆಯೆ? ಓದಿ ನೋಡಿರಿ. 1959ರ ಆಯುಧ ಕಾಯಿದೆಯ 13ನೆಯ ಕಲಮಿನಲ್ಲಿ ಬೆಳೆಯ ರಕ್ಷಣೆಗಾಗಿ ಮದ್ದು ತುಂಬುವ ಕೋವಿಗೆ ಲೈಸೆನ್ಸು ಕೊಡತಕ್ಕದ್ದೆಂದಿದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ಕೋವಿಗೂ ಕೊಡಬಹುದು. 14ನೆಯ ಕಲಮು ಇನ್ನೂ ಸ್ವಾರಸ್ಯವಾಗಿದೆ: ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣದಿಂದ ಲೈಸೆನ್ಸನ್ನು ನಿರಾಕರಿಸಕೂಡದು! ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕು, ಮೇಲ್ಮನವಿಗೂ ಅವಕಾಶವುಂಟು. ಎಷ್ಟು ಮಂದಿ ರೈತರಿಗೆ ಈ ಕಲಮನ್ನು ಓದಿ ಹೇಳಿದವರಿದ್ದಾರೆ? ಬಡವನಿಗೆ ಅನುಕೂಲವಾದ ಕಲಮು ಪುಸ್ತಕದಲ್ಲಿ ಮಲಗಿರುತ್ತದೆ. ಪ್ರತಿಕೂಲವಾದ ಕಲಮು ಪೊಲೀಸರ ಜೊತೆಯಲ್ಲಿ ಮನೆ ಬಾಗಿಲಿಗೆ ನಡೆದು ಬರುತ್ತದೆ.

ಬಡವನನ್ನು ತಡೆಯುವುದು ಕಾನೂನಿಗಿಂತ ಅಲೆದಾಟದ ಖರ್ಚು. ಅರ್ಜಿ, ವೈದ್ಯರ ಪತ್ರ, ಕೋವಿ ಬಳಸುವ ತರಬೇತಿಯ ಪತ್ರ, ಪೊಲೀಸ್ ವರದಿ, ಜಿಲ್ಲಾ ಕಚೇರಿ. ಒಂದೊಂದು ಪ್ರಯಾಣವೂ ಒಂದೊಂದು ದಿನದ ಕೂಲಿ. ಹತ್ತು ಸಲ ಅಲೆದರೆ ಹತ್ತು ದಿನದ ಕೂಲಿ ಹೋಯಿತು, ಕೋವಿಯ ಬೆಲೆ ಇನ್ನೂ ಎದುರಿಗೇ ಇದೆ. ಹೇಗೋ ಕೋವಿ ಬಂತೆನ್ನಿ. ಚುನಾವಣೆ ಬಂದ ಕೂಡಲೇ ಅದನ್ನು ಠಾಣೆಯಲ್ಲಿ ಒಪ್ಪಿಸಬೇಕೆಂಬ ಆಜ್ಞೆ! ಮತ ಕೇಳುವವರು ಊರೂರು ತಿರುಗುವ ತನಕ ಮತ ಹಾಕುವವನ ಬೆಳೆ ಹಂದಿಗೆ ಎಡೆ.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯಿದೆ. ಬ್ರಿಟಿಷರ ಕಾಲದಿಂದ ಬಂದ ಇದನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷ, 2029ರವರೆಗೆ, ಮುಂದುವರಿಸಿತು. ನಾವು ಅದನ್ನು ನೋಡಿ ಹೊಟ್ಟೆಕಿಚ್ಚು ಪಡುವವರಲ್ಲ. ಬೇಸಾಯಗಾರನ ಮನೆಯಲ್ಲಿ ಕೋವಿಯಿದ್ದರೆ ರಾಜ್ಯ ಮುಳುಗುವುದಿಲ್ಲವೆಂಬುದಕ್ಕೆ ಅದು ಸಾಕ್ಷಿ, ಅಷ್ಟೇ.

ಆದರೆ ಕೋವಿ ಇದ್ದ ಮಾತ್ರಕ್ಕೆ ಹಂದಿಯನ್ನು ಹೊಡೆಯುವ ಅಧಿಕಾರ ಬರುವುದಿಲ್ಲ, ಕೊಡಗಿನಲ್ಲಿಯೂ ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿದೆ. 2022ರ ತಿದ್ದುಪಡಿಯಂತೆ ಕಾಡುಹಂದಿ ಎರಡನೆಯ ಅನುಸೂಚಿಗೆ ಸೇರಿದೆ. ಪ್ರಾಣಕ್ಕಾಗಲಿ, ನಿಂತ ಬೆಳೆಗಾಗಲಿ ಅಪಾಯಕಾರಿಯಾದ ಹಂದಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು 11ನೆಯ ಕಲಮಿನಂತೆ ಲಿಖಿತ ಆಜ್ಞೆ ಕೊಡಬಹುದು. ಹಾಗೆ ಕೊಂದ ಹಂದಿಯೂ ಸರಕಾರದ ಸ್ವತ್ತು; ಅದರ ಮಾಂಸವನ್ನು ಒಯ್ಯುವಂತಿಲ್ಲ, ಮಾರುವಂತಿಲ್ಲ. ಆಜ್ಞೆಯಿಲ್ಲದೆ ಕೊಂದರೆ ಮೂರು ವರ್ಷದ ತನಕ ಸೆರೆ, ಅಥವಾ ಒಂದು ಲಕ್ಷ ರೂಪಾಯಿಯ ತನಕ ದಂಡ, ಅಥವಾ ಎರಡೂ.

ಈಗ ಆ ಇನ್ನೂರು ರೂಪಾಯಿಯ ಬೇಟೆಯ ಲೆಕ್ಕ ಮಾಡೋಣ.

ಉರುಳಿಗೆ ಕಣ್ಣಿಲ್ಲ. ಹಂದಿಗೆಂದು ಇಟ್ಟದ್ದಕ್ಕೆ ಚಿರತೆ ಬೀಳಬಹುದು, ಕರಡಿ ಬೀಳಬಹುದು, ನೆರೆಯವನ ಕರು ಬೀಳಬಹುದು. ಚಿರತೆ ಮೊದಲನೆಯ ಅನುಸೂಚಿಯ ಪ್ರಾಣಿ. ಅದರ ಸಾವಿಗೆ ಮೂರು ವರ್ಷಕ್ಕೆ ಕಡಮೆಯಿಲ್ಲದ, ಏಳು ವರ್ಷದ ತನಕದ ಸೆರೆ, ಮೇಲೆ ಇಪ್ಪತ್ತೈದು ಸಾವಿರಕ್ಕೆ ಕಡಮೆಯಿಲ್ಲದ ದಂಡ. ಹಳೆಯ ಕ್ಲಚ್ ತಂತಿಯ ನಿಜವಾದ ಬೆಲೆ ಇದು!

ಕಂಬದ ತಂತಿಗೂ ಕಣ್ಣಿಲ್ಲ. 230 ವೋಲ್ಟಿನ ವಿದ್ಯುತ್ತು ಹಂದಿಯನ್ನೂ ಮನುಷ್ಯನನ್ನೂ ಬೇರೆ ಮಾಡುವುದಿಲ್ಲ. ನಸುಕಿನಲ್ಲಿ ನೀರು ಕಟ್ಟಲು ಹೋದ ಪಕ್ಕದ ಹೊಲದವನು, ಸೌದೆಗೆ ಹೋದ ಹೆಂಗಸು, ಕೆಲವೊಮ್ಮೆ ತಂತಿ ಕಟ್ಟಿದವನೇ ಅದಕ್ಕೆ ಬಲಿಯಾಗುತ್ತಾನೆ. ಆಮೇಲೆ ಒಂದು ಮನೆಗೆ ಹೆಣ, ಇನ್ನೊಂದು ಮನೆಗೆ ಸಂಕೋಲೆ. ಎರಡೂ ಬಡವರ ಮನೆಗಳೇ.

ಸಿಡಿಮದ್ದಿನ ಮಾತಂತೂ ಬೇಡ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡಿನ ಕಡೆ ಮದ್ದು ತುಂಬಿದ ತಿನಿಸನ್ನು ಕಚ್ಚಿ ಬಾಯಿ ಸಿಡಿದ ಗಬ್ಬದ ಆನೆಯೊಂದು ಹೊಳೆಯ ನೀರಿನಲ್ಲಿ ನಿಂತೇ ಸತ್ತುದನ್ನು ದೇಶವೆಲ್ಲ ಕಂಡಿತು. ಅಂಥದ್ದೇ ಉಂಡೆ ದನ ಮೇಯಿಸುವ ಹುಡುಗನ ಕೈಗೆ ಸಿಕ್ಕರೆ ಏನಾದೀತೆಂದು ಯೋಚಿಸಿರಿ.

ಇಷ್ಟೆಲ್ಲ ಮಾಡಿಯೂ ಹಂದಿ ಮುಗಿಯಿತೆ? ಹೆಣ್ಣು ಹಂದಿಗೆ ನಾಲ್ಕು ತಿಂಗಳೊಳಗೆ ಗಬ್ಬ ತುಂಬುತ್ತದೆ, ಒಂದು ಸೂಲಿಗೆ ನಾಲ್ಕಾರು ಮರಿ. ಅದರ ಕಣ್ಣು ಮಂದ, ಮೂಗು ಬಲು ಚುರುಕು. ಮನುಷ್ಯನ ವಾಸನೆ ಹತ್ತಿದ ಹೊಲವನ್ನು ಬಿಟ್ಟು ಪಕ್ಕದ ಹೊಲಕ್ಕೆ ಹೋಗುತ್ತದೆ. ಗಾಯಗೊಂಡ ಒಂಟಿಗನಾದರೋ ಓಡದೆ ಮೇಲೆ ಬೀಳುತ್ತದೆ, ಕೋರೆಯಿಂದ ತೊಡೆ ಸೀಳುತ್ತದೆ. ಒಬ್ಬನು ತನ್ನ ಹೊಲದಲ್ಲಿ ಒಂದು ಹಂದಿ ಕೊಂದರೆ ಹಿಂಡು ನೆರೆಯವನ ಪಾಲಾಯಿತು, ಅಷ್ಟೇ. ಹಿಂಡಾಗಿ ಬರುವುದನ್ನು ಒಂಟಿಯಾಗಿ ತಡೆಯಲಾಗದು ಎಂಬ ಪಾಠ ಸಂಘ ಕಟ್ಟಿದ ಕಾರ್ಮಿಕನಿಗೆ ಹೊಸದಲ್ಲ.

ಮೂರು ಬಗೆಯ ಜನ ನಮಗೆ ಉಪದೇಶ ಮಾಡುತ್ತಾರೆ. ಮೊದಲನೆಯವರು, ಹಂದಿಯನ್ನು ಕೀಟವೆಂದು ಸಾರಿದರೆ ಸಾಕೆನ್ನುತ್ತಾರೆ. 62ನೆಯ ಕಲಮಿನಂತೆ ಕೇಂದ್ರ ಸರಕಾರ ಹಾಗೆ ಸಾರಬಹುದು. 2015ರ ಡಿಸೆಂಬರಿನಲ್ಲಿ ಬಿಹಾರದ ಕೆಲವು ಜಿಲ್ಲೆಗಳಲ್ಲಿ ನೀಲಗಾಯಿಯನ್ನೂ ಕಾಡುಹಂದಿಯನ್ನೂ ಒಂದು ವರ್ಷಕ್ಕೆ ಹಾಗೆ ಸಾರಿದರು. ಆಮೇಲೆ 2016ರ ಜೂನಿನಲ್ಲಿ ಮೊಕಾಮದ ಬಯಲಿಗೆ ನೀಲಗಾಯಿ ಹೊಡೆಯಲು ಬಂದವರಾರು? ಹೈದರಾಬಾದಿನಿಂದ ಕರೆಸಿದ ಬೇಟೆಗಾರರು! ದೆಹಲಿಯಲ್ಲಿ ಇಬ್ಬರು ಮಂತ್ರಿಗಳು ಬಹಿರಂಗವಾಗಿ ಜಗಳವಾಡಿದರು. ರೈತನ ಕೈಗೆ ಏನೂ ಬರಲಿಲ್ಲ. ಸಾಧನವಿಲ್ಲದವನಿಗೆ ಅನುಮತಿ ಕೊಡುವುದೆಂದರೆ ಹಲ್ಲಿಲ್ಲದವನಿಗೆ ಕಡಲೆ ಕೊಟ್ಟಂತೆ.

ಎರಡನೆಯವರು, ಒಂದು ಹಂದಿಯನ್ನೂ ಮುಟ್ಟಕೂಡದೆನ್ನುವ ಪಟ್ಟಣದ ದಯಾವಂತರು. ಹಂದಿ ಹುಲಿಗೂ ಸೀಳುನಾಯಿಗೂ ಆಹಾರ, ಕಾಡಿಗೆ ಅದು ಬೇಕು, ನಾವೂ ಒಪ್ಪುತ್ತೇವೆ. ಆದರೆ ಆ ದಯೆಯ ಖರ್ಚನ್ನು ಒಂದೂವರೆ ಎಕರೆಯವನೇ ಏಕೆ ಹೊರಬೇಕು? ಕಾಡು ನಾಡಿನವರೆಲ್ಲರ ಸ್ವತ್ತಾದರೆ ಅದರ ಹಂದಿಯ ಊಟದ ವೆಚ್ಚವನ್ನೂ ಎಲ್ಲರೂ ಹೊರಲಿ.

ಮೂರನೆಯವರು, ಪರಿಹಾರಕ್ಕೆ ಅರ್ಜಿ ಹಾಕಿರೆನ್ನುವ ಅಧಿಕಾರಿಗಳು. ಅರ್ಜಿ ಹಾಕಲೇಬೇಕು. ಆದರೆ ಪರಿಹಾರ ಬೆಳೆ ಹೋದ ಮೇಲಿನ ಮಾತು. ಬೆಳೆ ಹೋಗದಂತೆ ಕಾಯುವುದು ಯಾರ ಕೆಲಸ?

ನೆರೆಯ ಕೇರಳದತ್ತ ನೋಡಿರಿ. ಹಂದಿಯನ್ನು ಕೀಟವೆಂದು ಸಾರಲು ಕೇಂದ್ರ ಒಪ್ಪದಿದ್ದಾಗ ಅಲ್ಲಿಯ ಸರಕಾರ ಕೈಕಟ್ಟಿ ಕೂರಲಿಲ್ಲ. 2022ರ ಮೇ ತಿಂಗಳಲ್ಲಿ ಪಂಚಾಯತಿ, ನಗರಸಭೆಗಳ ಅಧ್ಯಕ್ಷರಿಗೇ ಗೌರವ ವನ್ಯಜೀವಿ ಪರಿಪಾಲಕರ ಅಧಿಕಾರ ಕೊಟ್ಟು, ಬೆಳೆ ಹಾಳುಮಾಡುವ ಹಂದಿಯನ್ನು ಲೈಸೆನ್ಸುಳ್ಳ ಕೋವಿಗಾರರಿಂದ ಹೊಡೆಸಲು ಆಜ್ಞೆ ಮಾಡುವಂತೆ ನಿರ್ಧರಿಸಿತು. ವಿಷವಿಲ್ಲ, ಸಿಡಿಮದ್ದಿಲ್ಲ; ಅಲೆದಾಟವೂ ಕಡಮೆ. ಕೇಂದ್ರದ ಇದೇ ಕಾಯಿದೆಯ ಒಳಗೆ ಅಲ್ಲಿ ಆದದ್ದು ಇಲ್ಲಿ ಏಕಾಗಬಾರದು?

ಹಾಗಾದರೆ ಕೈಯಲ್ಲಿ ಕಾಸಿಲ್ಲದ ಊರು ಎಲ್ಲಿಂದ ಆರಂಭಿಸಬೇಕು? ಶಾಲೆಯ ಹುಡುಗರಿಗೆ ಹೇಳುವಂತೆ ಹೇಳುತ್ತೇನೆ. ನೂರು ಮನೆಯ ಹಳ್ಳಿ. ಮನೆಗೆ ತಿಂಗಳಿಗೆ 20 ರೂಪಾಯಿ. ತಿಂಗಳಿಗೆ 2,000, ವರ್ಷಕ್ಕೆ 24,000. ಒಬ್ಬನಿಗೆ ಇಪ್ಪತ್ತು ರೂಪಾಯಿ ಎರಡು ಚಹದ ಮಾತು. ಊರಿಗೆ ಅದು ಕಾವಲಿನ ಬಂಡವಾಳ. ಇದರಿಂದ ಸರದಿಯ ಕಾವಲು, ಅಟ್ಟಣೆ, ಬ್ಯಾಟರಿ ದೀಪ, ಅರ್ಜಿಯ ಓಡಾಟದ ಖರ್ಚು ಎಲ್ಲವೂ ಸಾಗುತ್ತವೆ. ಹೊಲಹೊಲಕ್ಕೆ ಬೇರೆ ಬೇಲಿಯ ಬದಲು ಬಯಲಿಗೆಲ್ಲ ಒಂದೇ ಸೌರಬೇಲಿಗೆ ಒಟ್ಟಾಗಿ ಕೇಳಬೇಕು. ಸರಿಯಾದ ಯಂತ್ರದ ಬೇಲಿ ಕ್ಷಣದ ಪೆಟ್ಟು ಕೊಟ್ಟು ಬೆದರಿಸುತ್ತದೆ, ಕಂಬದ ತಂತಿಯಂತೆ ಹಿಡಿದು ಕೊಲ್ಲುವುದಿಲ್ಲ. ಬೆಳೆ ಹಾಳಾದ ಪ್ರತಿಯೊಂದು ಸಲವೂ ತಾರೀಖು, ಸರ್ವೆ ನಂಬರು ಬರೆದು, ಮೊಬೈಲಿನಲ್ಲಿ ಚಿತ್ರ ತೆಗೆದು, ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಇಂಥ ಐವತ್ತು ಅರ್ಜಿಗಳ ಕಟ್ಟು ಹಿಡಿದು ಊರೇ ಹೋಗಿ 11ನೆಯ ಕಲಮಿನ ಆಜ್ಞೆ ಕೇಳಿದರೆ ಕಚೇರಿಯ ಕುರ್ಚಿ ಅಲುಗಾಡುತ್ತದೆ.

ಸರಕಾರದ ಮುಂದೆ ನಮ್ಮ ಬೇಡಿಕೆಗಳು ಇವು:

1. 11ನೆಯ ಕಲಮಿನ ಅಧಿಕಾರವನ್ನು ಕಾಡಂಚಿನ ಗ್ರಾಮ ಪಂಚಾಯತಿಯ ಮಟ್ಟಕ್ಕೆ ತರಬೇಕು.

2. ಪಂಚಾಯತಿಗೊಂದು ಲೈಸೆನ್ಸುಳ್ಳ ಕೋವಿಗಾರರ ಪಟ್ಟಿ ಮಾಡಿ, ಅವರ ತರಬೇತಿ, ತೋಟಾ, ದಿನಭತ್ಯೆಗಳನ್ನು ಸರಕಾರ ಕೊಡಬೇಕು.

3. ಬೆಳೆ ರಕ್ಷಣೆಯ ಲೈಸೆನ್ಸಿನ ಅರ್ಜಿಗಳನ್ನು ಹೋಬಳಿಯಲ್ಲಿಯೇ ಸ್ವೀಕರಿಸಿ, ಗೊತ್ತಾದ ಅವಧಿಯಲ್ಲಿ ತೀರ್ಮಾನಿಸಬೇಕು. 14ನೆಯ ಕಲಮನ್ನು ಕನ್ನಡದಲ್ಲಿ ಬರೆದು ಕಚೇರಿಯ ಗೋಡೆಗೆ ಹಾಕಬೇಕು.

4. ಚುನಾವಣೆಯ ಕಾಲದಲ್ಲಿ ಅಪರಾಧದ ಹಿನ್ನೆಲೆಯಿಲ್ಲದ ರೈತರ ಕೋವಿಯನ್ನು ಕಸಿಯಬಾರದು.

5. ಸೌರಬೇಲಿಯ ಸಹಾಯಧನ ಮೊದಲು ಸಣ್ಣ ಹಿಡುವಳಿದಾರರ ಒಕ್ಕೂಟಗಳಿಗೆ ಸಲ್ಲಬೇಕು.

ಗಿರಣಿಯ ಸಂಗಾತಿಗಳೇ, ಹಬ್ಬಕ್ಕೆ ಊರಿಗೆ ಹೋದಾಗ ತಮ್ಮಂದಿರಿಗೆ ಈ ಮಾತು ತಿಳಿಹೇಳಿರಿ. ಹೊಲದಲ್ಲಿ ಕಳ್ಳ ತಂತಿ ಕಂಡರೆ ನೀವೇ ನಿಂತು ತೆಗೆಸಿರಿ. ವರ್ತಕ ಬಂಧುಗಳೇ, ಉರುಳಿಗೆಂದು ತಂತಿ ಕೇಳಿ ಬಂದವನಿಗೆ ತಂತಿಯ ಬದಲು ಒಂದು ಅರ್ಜಿಯ ಕಾಗದ ಕೊಡಿರಿ. ಬೆಳೆಗೂ ಕಾವಲಿಗೂ ಉಳುವವನೇ ಒಡೆಯನಾಗುವ ತನಕ ಕಾಗೋಡಿನಲ್ಲಿ ತೊಡಗಿದ ಕೆಲಸ ಪೂರ್ತಿಯಾಗಿಲ್ಲ. ಅದನ್ನು ಪೂರ್ತಿ ಮಾಡುವುದು ರಾತ್ರಿಯ ಕತ್ತಲಲ್ಲಿ ಒಬ್ಬೊಬ್ಬನೇ ಇಡುವ ಉರುಳಿನಿಂದಲ್ಲ. ಹಗಲ ಬೆಳಕಿನಲ್ಲಿ ಎಲ್ಲರೂ ಕೂಡಿ ಕೇಳುವ ಹಕ್ಕಿನಿಂದ.